ಚಿಗವ್ವನ ಮೂಗು

ನಮ್ಮ ಚಿಗವ್ವನ ಮೂಗು ಅವಳಿಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತಿತ್ತು. ನೀಳವಾದ ಮೂಗು, ತುದಿ ತುಸು ಬಾಗಿದ್ದು, ಎರಡೂ ಹೊಳ್ಳೆಗಳ ಮೇಲೆ ಬಿಳಿ ಹರಳಿನ ಮೂಗುಬೊಟ್ಟು. ಸಂಶಯ ಬಂದರೆ ಹೊಳ್ಳೆಗಳು ಅರಳಿ ಹರಳುಗಳು ಮಿಂಚುತ್ತಿದ್ದವು. ಸಂಶಯವೋ, ಅವಳಿಗೆ ಉಸಿರಾಟದಷ್ಟೇ ಸಲೀಸಾಗಿ ಬರುತ್ತಿತ್ತು.

ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ಗಂಡ ತೀರಿಕೊಂಡ ಮೇಲೆ ಬೆಟಗೇರಿಯಲ್ಲಿ ಖಾನಾವಳಿ ತೆಗೆದವಳು. ರೊಟ್ಟಿ ಬಡಿಯಲು, ಕಾಯಿಪಲ್ಯ ಹೆಚ್ಚಲು ಹೆಂಗಸರಿದ್ದರು. ಒಗ್ಗರಣೆ ಮಾತ್ರ ಯಾರ ಕೈಗೂ ಬಿಟ್ಟವಳಲ್ಲ. ಗಲ್ಲಾದ ಮೇಲೆ ಕೂತಲ್ಲಿಂದಲೇ ಒಳಗೆ ಕೂಗುತ್ತಿದ್ದಳು: "ಝುಣಕಾ ತಳಾ ಹಿಡಿಯಾಕತ್ತೈತಿ, ಕೈಯಾಡಸ್ರಿ!" ಎದ್ದು ನೋಡಿದರೆ ಹಿಡಿದಿರುತ್ತಿತ್ತು. ಅವಳ ಜೊತೆ ಪೇಟೆಗೆ ಹೋದರೆ, ಮಟನ್ ಅಂಗಡಿ ಇನ್ನೂ ಕಣ್ಣಿಗೆ ಬೀಳುವ ಮೊದಲೇ ಸೆರಗು ಮೂಗಿಗೆ ಹೋಗುತ್ತಿತ್ತು. "ಅಕ್ಕಾರ ಮೂಗಿಗೆ ಪೊಲೀಸ್ ನೌಕರಿ ಕೊಡಬೇಕು ನೋಡ್ರಿ" ಎಂದು ಊಟಕ್ಕೆ ಬಂದವರು ನಗುತ್ತಿದ್ದರು.

ನನ್ನ ರಕ್ತವೂ ಅದೇ. ಮುಂಡರಗಿಯ ಹೈಸ್ಕೂಲೊಂದರಲ್ಲಿ ಕಲಿಸುತ್ತೇನೆ. ಪರೀಕ್ಷೆಯಲ್ಲಿ ಚೀಟಿ ಹಿಡಿಯುವುದರಲ್ಲಿ ತಾಲೂಕಿಗೇ ಹೆಸರಾದವಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವರನ್ನು ಹಿಡಿಯುವುದು ಸುಲಭ. ಮುಟ್ಟಿಕೊಳ್ಳದವರ ಮೇಲೆಯೇ ನನ್ನ ಕಣ್ಣು. ಯಾರಾದರೂ ವಿನಾಕಾರಣ ಒಳ್ಳೆಯವರಾದರೆ ನನಗೆ ಆ ದಿನ ನಿದ್ದೆ ಬರುವುದಿಲ್ಲ.

ಆದರೆ ಕಡೆಕಡೆಗೆ ಚಿಗವ್ವನ ಸಂಶಯ ನನಗೂ ಅತಿ ಎನಿಸತೊಡಗಿತ್ತು. ಎಣ್ಣೆ ಅಂಗಡಿಯವರ ಜೊತೆ ಜಗಳ, ಹಾಲಿನವನ ಜೊತೆ ಜಗಳ. ಸೌಟು ಹಿಡಿದು ಸಿಕ್ಕವರ ಮೂಗಿಗೆ ಒಡ್ಡುವಳು: "ನೋಡ್ರಿ ಇದನ್ನ, ನನಗ ಯಾಕೋ ಸಂಶೆ." ಊಟಕ್ಕೆ ಬಂದ ವಕೀಲರನ್ನೂ ಬಿಡುತ್ತಿರಲಿಲ್ಲ. ಅವರು ಮೂಸಿ, "ಘಮ್ ಅಂತೈತ್ರಿ, ಏನಾಗೇತಿ ಇದಕ್ಕ?" ಎಂದರೆ ಸೌಟು ಹಿಡಿದು ಒಳಗೆ ಹೋಗುತ್ತಿದ್ದಳು. ವಯಸ್ಸಾದಂತೆ ಯಾರ ಮೇಲೂ ಭರವಸೆ ಉಳಿಯುವುದಿಲ್ಲ ಎಂದು ನಮ್ಮ ಬಳಗದವರು ಮಾತಾಡಿಕೊಂಡರು.

ಅಂಥವಳು ಒಂದು ದಿನ ಫೋನು ಮಾಡಿ, "ನಿಮ್ಮ ಸಾಲಿ ಸೂಟಿ ಬಿದ್ದಾವಲ್ಲ, ಸ್ಪೇನಿಗೆ ಹೋಗಿ ಬರೂಣೇನು?" ಎಂದಳು. ಲಕ್ಷ್ಮೇಶ್ವರಕ್ಕೆ ಮದುವೆಗೆ ಹೋದರೂ ಅಕ್ಷತೆ ಬಿದ್ದ ಕೂಡಲೇ ಬಸ್ಸಿಗೆ ಓಡುವವಳು! ಹುಬ್ಬಳ್ಳಿಯಿಂದ ಒಂದು ಗುಂಪು ಹೊರಟಿದೆಯಂತೆ, ಜೊತೆಗೆ ನಮ್ಮ ಕಡೆಯ ಅಡಿಗೆಯವನೂ ಇದ್ದಾನಂತೆ, ವಿಚಾರಿಸಿಯೂ ಆಗಿದೆ.

"ಯಾಕ ಚಿಗವ್ವ, ಒಮ್ಮಿಂದೊಮ್ಮೆಲೇ?"

"ಅಲ್ಲಿ ಮಂದಿ ಏನು ತಿಂತಾರ ನೋಡಬೇಕು."

ನಾನು ನಂಬಲಿಲ್ಲ. ಖಾನಾವಳಿ ಮಾರುತ್ತಾಳೋ, ದೊಡ್ಡ ಜಡ್ಡು ಏನಾದರೂ ಬಂದು ಕಡೆಯ ಆಸೆ ತೀರಿಸಿಕೊಳ್ಳುತ್ತಾಳೋ? ಪತ್ತೆ ಹಚ್ಚಲೆಂದೇ ಹೂಂ ಅಂದೆ.

ವೆಲೆನ್ಸಿಯಾ ಎಂಬ ಊರಿನಲ್ಲಿ ನಮ್ಮಿಬ್ಬರಿಗೂ ಒಂದೇ ಕೋಣೆ. ಮೊದಲ ದಿನ ಬೆಳಿಗ್ಗೆ ಎಚ್ಚರವಾದಾಗ ಚಿಗವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕೈಯಲ್ಲಿ ಸಣ್ಣ ಡಬ್ಬಿ. ಮೂಗಿಗೆ ಹಿಡಿದು ಜೋರಾಗಿ ಎಳೆದುಕೊಳ್ಳುವಳು, ತಡೆಯುವಳು, ಮತ್ತೆ ಎಳೆದುಕೊಳ್ಳುವಳು. ತಪಕೀರು! ಇಷ್ಟು ವಯಸ್ಸಾದ ಮೇಲೆ ನಶ್ಯದ ಚಟ ಹಚ್ಚಿಕೊಂಡಳೇ! ಅವಳು ಸ್ನಾನಕ್ಕೆ ಹೋದಾಗ ಡಬ್ಬಿ ತೆಗೆದು ನೋಡಿದೆ. ಒಳಗಿದ್ದದ್ದು ಇಂಗು. ಸಂಶಯ ಕಡಿಮೆಯಾಗುವ ಬದಲು ದುಪ್ಪಟ್ಟಾಯಿತು. ಇಂಗು ಮೂಸುವ ಚಟ ಎಂದು ಯಾರಾದರೂ ಕೇಳಿದ್ದೀರಾ?

ಅಂದು ಗೈಡು ನಮ್ಮ ಗುಂಪನ್ನು ಊರ ನಡುವಿನ ದೊಡ್ಡ ಮಾರ್ಕೆಟ್ಟಿನ ಹತ್ತಿರ ಬಿಟ್ಟ. ಚಿಗವ್ವ ನನ್ನ ರಟ್ಟೆ ಹಿಡಿದು ಹೊರಗಿನ ಗಾಡಿಗಳ ಕಡೆ ನಡೆದಳು. ಒಂದರಲ್ಲಿ ಹಾಲಿನಂಥ ತಣ್ಣಗಿನ ಪಾನಕ. ಒಂದು ಬಗೆಯ ಹುಲ್ಲಿನ ಬೇರಿನ ಗಡ್ಡೆ ಅರೆದು ತೆಗೆದದ್ದು, ನಮ್ಮ ಹೊಲದ ಕಳೆ ಜೇಕಿನ ಸಂಬಂಧಿ ಎಂದು ಫೋನಿನಲ್ಲಿ ನೋಡಿ ಹೇಳಿದೆ. ಅವಳ ತವರು ಯಳವತ್ತಿಯ ರೈತರ ಮನೆ. ಜೇಕು ಅಂದರೆ ಏನೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಜೇಕು ಕಿತ್ತು ಕಿತ್ತು ನಮ್ಮಪ್ಪನ ನಡಾ ಬಿದ್ದು ಹೋತು. ಈ ಮಂದಿ ಅದನ್ನ ರೊಕ್ಕಾ ಕೊಟ್ಟು ಕುಡೀತಾರ?" ಎಂದು ಲೋಟವನ್ನು ನನ್ನ ಮೂಗಿಗೆ ಒಡ್ಡಿದಳು. "ಮೊದ್ಲ ನೀ ಮೂಸು."

"ಹಸಿ ಕೊಬ್ಬರಿ ಹಂಗ ಐತಿ."

ಆಗ ಗುಟುಕರಿಸಿದಳು.

ಮುಂದಿನ ಗಾಡಿಯಲ್ಲಿ ಒಬ್ಬ ಹೆಂಗಸು ಕುಂಬಳಕಾಯಿ ಕಲಸಿದ ಹಿಟ್ಟನ್ನು ಒದ್ದೆ ಕೈಯಿಂದ ಬಳೆಯಂತೆ ಮಾಡಿ ಎಣ್ಣೆಗೆ ಬಿಡುತ್ತಿದ್ದಳು. ಹೆಚ್ಚು ಕಡಿಮೆ ನಮ್ಮ ಗಾರಿಗೆಯೇ. ಯಾವ ಎಣ್ಣೆ ಎಂದು ಸನ್ನೆ ಮಾಡಿ ಕೇಳಿದೆ. ಅವಳು ಸೂರ್ಯಕಾಂತಿ ಚಿತ್ರದ ಡಬ್ಬಿ ಎತ್ತಿ ತೋರಿಸಿದಳು.

"ಡಬ್ಬಿ ಯಾರಾರ ತೋರಸ್ತಾರ. ಬಾಣಲ್ಯಾಗ ಏನೈತಿ ಮೂಸಿ ನೋಡು" ಎಂದಳು ಚಿಗವ್ವ.

ನನಗೆ ಸಿಟ್ಟು ಬಂತು. "ಊರಿಗೆಲ್ಲಾ ಹೆಸರಾದ ಮೂಗು ನಿಂದು. ಮೂಸೂದು ಮಾತ್ರ ನಾನೇನು?"

ಚಿಗವ್ವ ಮುಖ ಆಚೆ ತಿರುಗಿಸಿದಳು. ಪೊಟ್ಟಣ ಕಟ್ಟಿಸಿಕೊಂಡು, ತಿನ್ನದೆ ಚೀಲಕ್ಕೆ ಹಾಕಿದಳು.

ಮಾರ್ಕೆಟ್ಟಿನ ಒಳಗೆ ಎತ್ತರದ ಗುಮ್ಮಟ, ಬಣ್ಣದ ಗಾಜು, ಕೆಳಗೆ ನಮ್ಮ ಸಂತೆಯಷ್ಟೇ ಗದ್ದಲ. ಟೊಮ್ಯಾಟೊ ರಾಶಿ, ಸರ ಕಟ್ಟಿ ತೂಗುಹಾಕಿದ ಗುಂಡು ಮೆಣಸಿನಕಾಯಿ. ಮುಂದೆ ಹೋದರೆ ಮೀನಿನ ಸಾಲು. ಮಂಜುಗಡ್ಡೆಯ ಮೇಲೆ ಬಾಯ್ತೆರೆದ ಮೀನು, ಇನ್ನೂ ಕಾಲಾಡಿಸುತ್ತಿದ್ದ ಏಡಿ. ನಮ್ಮ ಗುಂಪಿನ ಹೆಂಗಸರು ಸೆರಗು, ದುಪಟ್ಟಾ ಮುಖಕ್ಕೆ ಸುತ್ತಿಕೊಂಡು "ಶಿವಶಿವಾ" ಎನ್ನುತ್ತ ಬಂದ ದಾರಿಗೇ ಓಡಿದರು. ನಾನೂ ಓಡಿದೆ. ಬಾಗಿಲಲ್ಲಿ ತಿರುಗಿ ನೋಡಿದರೆ ಚಿಗವ್ವ ಬಂದಿರಲಿಲ್ಲ.

ಮೀನಿನ ಸಾಲಿನ ನಡುವೆ ನಿಂತಿದ್ದಳು. ಸೆರಗು ಹೆಗಲ ಮೇಲೇ ಇತ್ತು. ಒಂದು ದೊಡ್ಡ ಮೀನಿನ ಮೇಲೆ ಬಗ್ಗಿ ನಿಂತಿದ್ದಳು.

ಸಿಕ್ಕಿಬಿದ್ದಳು ಎಂದುಕೊಂಡೆ. ಹುಟ್ಟಿದಾಗಿನಿಂದ ಮುಟ್ಟದ್ದನ್ನು ಗುರುತಿಲ್ಲದ ಊರಿನಲ್ಲಿ ತಿಂದು ನೋಡುವ ಆಸೆ! ಅದಕ್ಕೇ ಈ ಪ್ರವಾಸ! ಚೀಟಿ ಸಿಕ್ಕಾಗ ಆಗುವಂಥ ಖುಷಿ ನನಗೆ ಆಯಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಮೂಗು ಮುಚ್ಚಿಕೊಂಡು ಹೋಗಿ ತೋಳು ಹಿಡಿದೆಳೆದೆ.

"ಚಿಗವ್ವ, ನಡಿ ಹೊರಗ. ನಾರಾಕತ್ತೈತಿ ಇಲ್ಲೆ."

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. "ನಾರಾಕತ್ತೈತೇನು? ಭಾಳ?"

ಅವಳ ಮುಖದಲ್ಲಿ ಸಂಶಯ ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು.

ಹೊರಗೆ ಮೆಟ್ಟಿಲ ಮೇಲೆ ಕೂತು ಹೇಳಿದಳು. "ಎಲ್ಲಾರೂ ಬಾಯಿಗೆ ಬಟ್ಟಿ ಕಟ್ಕೊಂಡು ಅಡ್ಡಾಡ್ತಿದ್ವಲ್ಲ, ಆವಾಗ ನನಗ ಜ್ವರಾ ಬಂದಿತ್ತು ನೋಡು. ಜ್ವರಾ ಹೋಗೂಮುಂದ ಮೂಗು ತಗೊಂಡು ಹೋತು. ಗದಗಿನ ಡಾಕ್ಟರಿಗೂ ತೋರ್ಸಿದೆ, ಹುಬ್ಬಳ್ಳಿಗೂ ಹೋಗಿ ಬಂದೆ. ಬಂದ್ರ ಬರ್ತೈತಿ ಅಂದ್ರು. ನಮ್ಮೂರ ವಾಸನಿ ಎಲ್ಲಾ ಮೂಗಿಗೆ ರೂಢಿ ಆಗ್ಯಾವ, ಅವು ಕರದ್ರ ಏಳಂಗಿಲ್ಲ, ಹಿಂದೆಂದೂ ಕಾಣದ್ದು ಏನರ ಬಡದ್ರ ಎಚ್ಚರ ಆದೀತು ಅಂತ ಇಲ್ಲೀತನಾ ಬಂದೆ. ಆ ಹೊಲಸಿಗೂ ಏಳಲಿಲ್ಲ."

ಚೀಲದಿಂದ ಗಾರಿಗೆ ತೆಗೆದು ಮುರಿದು ಬಾಯಿಗೆ ಹಾಕಿಕೊಂಡಳು. "ಸಿಹಿ ಐತಿ. ಬೆಚ್ಚಗೈತಿ. ಅಷ್ಟ."

ಎಣ್ಣೆಯವನ ಜಗಳ, ಹಾಲಿನವನ ಜಗಳ, ವಕೀಲರ ಮೂಗಿಗೆ ಒಡ್ಡಿದ ಸೌಟು, ಇಂಗಿನ ಡಬ್ಬಿ, ಎಲ್ಲ ಒಮ್ಮೆಲೇ ಅರ್ಥವಾಯಿತು. ಸಂಶಯದ ನೆಪದಲ್ಲಿ ಅವಳು ಇಡೀ ಊರಿನ ಮೂಗನ್ನು ಕಡ ಕೇಳುತ್ತಿದ್ದಳು. ಎಲ್ಲರಿಗಿಂತ ಜಾಣೆ ಎಂದುಕೊಂಡ ನನಗೇ ತಿಳಿದಿರಲಿಲ್ಲ.

"ಯಾರ ಮುಂದೂ ಅನಬ್ಯಾಡ ಯವ್ವಾ" ಎಂದಳು. "ಮೂಗಿಲ್ಲದಾಕಿ ಕೈಯಾಗ ಯಾರು ಉಣ್ತಾರ? ಖಾನಾವಳಿ ಮುಚ್ಚಿದ್ರ ನಾ ಎದ್ದು ಎಲ್ಲಿ ಹೋಗ್ಲಿ ಮುಂಜಾನೆ?"

ಅವಳ ಕೈ ಮುಟ್ಟಿ ಆಣೆ ಮಾಡಿದೆ. ಉಳಿದ ದಿನಗಳಲ್ಲಿ ನಾನೇ ಅವಳಿಗೆ ಮೂಗಾದೆ. ಅದು ಸುಲಭದ ಚಾಕರಿಯಲ್ಲ. "ಚಲೋ ಐತಿ ಅಂದ್ರ ನನಗೇನು ತಿಳೀತು? ಯಾವುದರಂಗ ಐತಿ, ಎಲ್ಲಿ ಹತ್ತತೈತಿ, ಅದನ್ನ ಹೇಳು" ಎಂದು ಗದರುವಳು. ಸುಟ್ಟ ಬಾದಾಮಿ, ಒದ್ದೆ ಕಲ್ಲು, ಬೇಕರಿಯ ಬಾಗಿಲು, ಎಲ್ಲವನ್ನೂ ಮಾತಿನಲ್ಲಿ ಅವಳಿಗೆ ಒಪ್ಪಿಸಿದೆ. ಅಲ್ಲಿಯವರೆಗೆ ನನ್ನ ಮೂಗಿಗೆ ಕಳ್ಳತನ ಒಂದೇ ಗೊತ್ತಿತ್ತು. ಜಗತ್ತಿಗೆ ಇಷ್ಟೊಂದು ವಾಸನೆ ಇದೆ ಎಂದು ಕಲಿಸಿದವಳು, ಒಂದೂ ವಾಸನೆ ಕಾಣದ ಚಿಗವ್ವ.

ಊರಿಗೆ ಬಂದ ಮೇಲೆ ಮೊಣಕಾಲು ನೋವಿನ ನೆಪ ಹೇಳಿ, ಹಳೆಯ ಕೆಲಸದಾಕೆಗೆ ಒಗ್ಗರಣೆ ಒಪ್ಪಿಸಿದಳು. ಇಷ್ಟು ವರ್ಷಕ್ಕೆ ತನ್ನ ಮೇಲೆ ಭರವಸೆ ಬಂತಲ್ಲ ಎಂದು ಆಕೆ ಗಳಗಳ ಅತ್ತಳಂತೆ. ಖಾನಾವಳಿ ನಡೆಯಿತು. ಸೂಟಿ ಸಿಕ್ಕಾಗೆಲ್ಲ ನಾನು ಮುಂಡರಗಿಯಿಂದ ಹೋಗಿ, ಗಲ್ಲಾದ ಪಕ್ಕ ಕೂತು, ಒಳಗಿನ ಸುದ್ದಿಯನ್ನು ಪಿಸುಮಾತಿನಲ್ಲಿ ಹೇಳುತ್ತಿದ್ದೆ. ಈಗ ಅವಳಿಲ್ಲ. ಹೇಳಿದರೆ ಯಾರಿಗೂ ಕೇಡಿಲ್ಲ ಎಂದು ಬರೆಯುತ್ತಿದ್ದೇನೆ.

ತೀರಿಕೊಳ್ಳುವ ಮುಂಚಿನ ವಾರ ಅವಳು ಖಾನಾವಳಿಯ ಹಿಂದಿನ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದಳು. ಮಾತು ಸಣ್ಣಗಾಗಿತ್ತು. ಮಧ್ಯಾಹ್ನದ ಹೊತ್ತು, ಅಡಿಗೆಮನೆಯಲ್ಲಿ ಸಾಸಿವೆ ಸಿಡಿದ ಸದ್ದು ಕೇಳಿ ನನ್ನ ಕಡೆ ನೋಡಿದಳು. "ಹೆಂಗೈತಿ?"

ಸಾಯುವವಳ ಮುಂದೆ ಘಮಘಮ ಎಂದು ಸುಳ್ಳು ಹೇಳಬಹುದಿತ್ತು. "ಬಳ್ಳೊಳ್ಳಿ ಹೊತ್ತೈತಿ" ಎಂದು ಅವಳ ಕಿವಿಯಲ್ಲಿ ಹೇಳಿದೆ.

ಎಲ್ಲಿತ್ತೋ ಶಕ್ತಿ, ಮೊಣಕೈ ಊರಿ ಅರ್ಧ ಎದ್ದು ಕೂಗಿದಳು: "ಬಳ್ಳೊಳ್ಳಿ ಹೊತ್ತಿಸಿದೇನಬೇ? ಚೆಲ್ಲು ಅದನ್ನ, ಬ್ಯಾರೆ ಹಾಕು!"

ಒಳಗೆ ಸೌಟಿನ ಸದ್ದು ನಿಂತಿತು. ಆಮೇಲೆ ಕೆಲಸದಾಕೆ ಊಟಕ್ಕೆ ಕೂತವರಿಗೆಲ್ಲ ಕೇಳುವಂತೆ ಹೇಳಿದಳು: "ನೋಡ್ರಿ, ಹಾಸಿಗಿ ಹಿಡದ್ರೂ ಅಕ್ಕಾರ ಮೂಗಿಗೆ ಏನೂ ತಪ್ಪಂಗಿಲ್ಲ!"

ಚಿಗವ್ವ ದಿಂಬಿಗೆ ಒರಗಿ, ನನ್ನ ಕೈ ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿಕೊಂಡು ಆ ಮಾತನ್ನು ಪೂರ್ತಿ ಕೇಳಿದಳು.