ಶನಿಯ ನಡುಕ ಮತ್ತು ಎರಡನೇ ಮಗ್ಗ

ಆಕಾಶವನ್ನು ನೋಡುವವನಿಗೆ ತನ್ನ ಅಲ್ಪತನ ತಾನಾಗಿಯೇ ಅರಿವಾಗುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಹೊಸ ದೂರದರ್ಶಕದಲ್ಲಿ ನಾನು ಮೊಟ್ಟಮೊದಲು ನೋಡಿದ್ದು ಎರಡು ಮನೆಯಾಚೆಯ ನೀರಿನ ಟಾಕಿಯನ್ನು, ಅದೂ ತಲೆಕೆಳಗಾಗಿ. ಅಲ್ಪತನವೇನೂ ಅರಿವಾಗಲಿಲ್ಲ. ಟಾಕಿ ಸೋರುತ್ತಿದೆ, ಹನಿಗಳು ಮೇಲಕ್ಕೆ ಬೀಳುತ್ತಿವೆ ಎಂಬುದಷ್ಟೇ ತಿಳಿಯಿತು.

ಬನಹಟ್ಟಿಯ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಸೌರಮಂಡಲ ಕಲಿಸಿ ನಿವೃತ್ತನಾದವನು ನಾನು. ಕರಿಹಲಗೆಯ ಮೇಲೆ ನಾನೇ ಬರೆದ ಗ್ರಹಗಳನ್ನು ಬಿಟ್ಟರೆ ಬೇರೆ ಗ್ರಹ ಕಂಡವನಲ್ಲ. ಆ ಕೊರತೆ ನೀಗಲೆಂದು ದೂರದರ್ಶಕ ತರಿಸಿದೆ ಎಂದು ಓಣಿಗೆಲ್ಲ ಹೇಳಿದೆ. ನಿಜವಾದ ಕಾರಣ ನನ್ನ ಹೆಂಡತಿ.

ನನ್ನ ರಾಶಿಗೆ ಶನಿಯ ಸಾಡೇಸಾತಿ ಹತ್ತಿದ ದಿನದಿಂದ ಅವಳು ಶನಿವಾರದ ಉಪವಾಸ ಹಿಡಿದಿದ್ದಳು. ಹಗಲೆಲ್ಲ ಬರೀ ಚಹಾ, ದೀಪ ಹಚ್ಚಿದ ಮೇಲೆ ಊಟ. ಏಳೂವರೆ ವರ್ಷ ಅವಳೆದುರಿಗೇ ಕುಳಿತು ನಾನು ಶನಿವಾರದ ಉಪ್ಪಿಟ್ಟು ತಿಂದೆ. ಶನಿ ನನಗೆ ಮಾಡಿದ ಕೇಡು ಅದಕ್ಕಿಂತ ದೊಡ್ಡದಿರಲಾರದು. ಕೊನೆಗೆ ಪಂಚಾಂಗ ನೋಡುವವರು ಕಾಟ ಮುಗಿಯಿತು ಎಂದರು. ಅವಳು ಉಪವಾಸ ಬಿಡಲಿಲ್ಲ.

"ಯಾರ ಸಲುವಾಗಿ ಇಷ್ಟ ವರ್ಷ ಹೊಟ್ಟಿ ಕಟ್ಟೇನಿ, ಅವರ ಮಾರಿ ನೋಡದ ಹ್ಯಾಂಗ ಬಿಡ್ಲಿರಿ? ಶನಿ ಖರೇನ ಹೋಗ್ಯಾನೋ ಇಲ್ಲೋ, ಒಮ್ಮಿ ಕಣ್ಣಿಲೆ ನೋಡಿ ಬಿಡತೇನಿ."

ಮೊದಲನೆಯ ಸಂಜೆ ಹಿತ್ತಲಿನಲ್ಲಿ ಮುಕ್ಕಾಲಿ ನಿಲ್ಲಿಸಿ ಶನಿಯನ್ನು ಹಿಡಿದೆ. ಶನಿ ನಡುಗುತ್ತಿದ್ದ. ಉಂಗುರವೂ ಇಲ್ಲ, ಅಂಚೂ ಇಲ್ಲ. ಹಳದಿ ಬೆಳಕೊಂದು ಗಡಗಡ ಅಲುಗುತ್ತಿತ್ತು. ನಾನು ಧೃತಿಗೆಡದೆ ವಾಯುಮಂಡಲದ ಪದರಗಳ ಬಗ್ಗೆ ಹತ್ತು ನಿಮಿಷ ಪಾಠ ಮಾಡಿದೆ.

"ಥಂಡಿ ಹತ್ತೇತಿ ಅಂದ್ರ ಮುಗೀತಿತ್ತಲ್ರಿ," ಎಂದು ಅವಳು ಒಳಗೆ ಹೋದಳು.

ಮರುದಿನ ಸಂಜೆ ಪಕ್ಕದ ಮನೆಯವನು ಗಿಡ್ಡ ಗೋಡೆಯ ಮೇಲಿಂದ ಇಣುಕಿದ. ನನ್ನ ಹಳೆಯ ವಿದ್ಯಾರ್ಥಿ. ನಮ್ಮ ಹಿತ್ತಲಿಗೆ ಹೊಂದಿಕೊಂಡೇ ನಾಲ್ಕು ಪವರ್‌ಲೂಮ್ ಇಟ್ಟಿದ್ದಾನೆ. ಕರೆದು ತೋರಿಸಿದೆ. ಅವನು ಕಣ್ಣಿಟ್ಟು, ಅರ್ಧ ನಿಮಿಷ ಕಾಲು ಕುಣಿಸಿ, ತಲೆಯೆತ್ತಿದ.

"ಸರ್, ಇದು ನಮ್ಮ ಎರಡನೇ ಮಗ್ಗರಿ."

"ಯಾವುದೋ?"

"ಶನಿ ಅಲ್ಲಾಡಾಕತ್ತಾನಲ್ರಿ, ಆ ತಾಳ. ನಮ್ಮ ಎರಡನೇದು ಸ್ವಲ್ಪ ಕುಂಟತೈತಿ. ನೋಡ್ರಿ, ಅಂವಾನೂ ಕುಂಟಾಕತ್ತಾನ."

ಅವನ ಶೆಡ್ಡಿಗೂ ನಮ್ಮ ಹಿತ್ತಲಿಗೂ ಒಂದೇ ದಿನ, ಒಂದೇ ಹಾಸಾಗಿ ಕಾಂಕ್ರೀಟು ಸುರಿಸಿದ್ದು ಆಗ ನೆನಪಾಯಿತು. ನಮ್ಮ ಊರಿನಲ್ಲಿ ಹುಟ್ಟಿದವರಿಗೆ ಮಗ್ಗದ ಸದ್ದು ಕೇಳಿಸುವುದಿಲ್ಲ. ನಿಂತರೆ ಮಾತ್ರ ಕೇಳಿಸುತ್ತದೆ. ನೆಲ ಅಲುಗುತ್ತದೆ ಎಂಬುದನ್ನಂತೂ ಅರವತ್ತೆರಡು ವರ್ಷ ನಾನು ಗಮನಿಸಿರಲೇ ಇಲ್ಲ. ಮಾಳಿಗೆಗೆ ಒಯ್ದೆ, ಅಲ್ಲಿ ಶನಿ ಇನ್ನೂ ಜೋರಾಗಿ ಕುಣಿದ. ಬೀದಿಗೆ ಒಯ್ದೆ, ದೀಪದ ಕಂಬ ಅಡ್ಡಬಂತು.

"ಊಟದ ಹೊತ್ತಿಗೆ ಮಗ್ಗ ನಿಂದರ್ಸೂದಿಲ್ಲೇನೋ?" ಎಂದು ಅವನನ್ನೇ ಕೇಳಿದೆ.

"ನಾ ಉಣ್ಣುವಾಗ ನಮ್ಮಾಕಿ ಮಗ್ಗ ನೋಡ್ತಾಳ, ಆಕಿ ಉಣ್ಣುವಾಗ ನಾ. ಹಬ್ಬ ಬಿಟ್ರ ಇಬ್ಬರೂ ಕೂಡಿ ಉಂಡಿದ್ದ ಇಲ್ರಿ ಸರ್. ಸೀರಿ ಕೊಡೋದೈತಿ, ನಿಂದರ್ಸಾಕ ಬರೂದಿಲ್ಲ."

ಖಗೋಳಶಾಸ್ತ್ರ ಅಲ್ಲಿಗೆ ಕೈಚೆಲ್ಲಿತು. ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ನನ್ನ ಹೆಂಡತಿ ಮಾತ್ರ ಸೆರಗು ಸಿಗಿಸಿಕೊಂಡು ಗೋಡೆಯ ಹತ್ತಿರ ಬಂದಳು.

"ತಮ್ಮಾ, ಶನಿವಾರ ನಮ್ಮ ಮನ್ಯಾಗ ಶೇಂಗಾ ಹೋಳ್ಗಿ ಮಾಡ್ತೇನಿ. ಇಬ್ಬರೂ ಕೂಡೇ ಬರಬೇಕು. ಒಬ್ಬರ ಬಂದ್ರ ಬಡಸೂದಿಲ್ಲ."

ಅವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ.

ಶನಿವಾರ ದೀಪ ಹಚ್ಚುವ ಹೊತ್ತಿಗೆ ನಾಲ್ಕು ಮಗ್ಗಗಳೂ ಒಂದೊಂದಾಗಿ ನಿಂತವು, ಎರಡನೆಯದು ಕೊನೆಗೆ. ಎಂಥ ಮೌನವೆಂದರೆ, ಓಣಿಯಲ್ಲಿ ಯಾರೋ "ಕರೆಂಟ್ ಹೋತೇನ್ರಿ?" ಎಂದು ಕೂಗಿ ಕೇಳಿದರು. ಗಂಡ ಹೆಂಡತಿ ನಮ್ಮ ಪಡಸಾಲೆಯಲ್ಲಿ ಅಕ್ಕಪಕ್ಕ ಕುಳಿತು, ಹೊಸ ಬೀಗರಂತೆ ಸಂಕೋಚಪಡುತ್ತ ಹೋಳಿಗೆ ಮುರಿದರು. ನಾನು ಹಿತ್ತಲಿನಲ್ಲಿ ಕಣ್ಣಿಟ್ಟೆ. ಶನಿ ನಿಂತಿದ್ದ. ಉಂಗುರ ಸಹಿತ, ಕೆತ್ತಿಟ್ಟ ಹಾಗೆ. ಮೂವತ್ತೊಂದು ವರ್ಷ ನಾನು ಹಲಗೆಯ ಮೇಲೆ ಬರೆದದ್ದು ಸುಳ್ಳಾಗಿರಲಿಲ್ಲ. ಕನ್ನಡಕ ಒರೆಸಿಕೊಂಡು ಹೆಂಡತಿಯನ್ನು ಕರೆದೆ.

"ತಡೀರಿ, ತುಪ್ಪ ಹಾಕೂದೈತಿ," ಎಂದಳು. ಆಮೇಲೆ ಎಣ್ಣೆಗಾಯಿ ಬಡಿಸುವುದಿತ್ತು. ಆಮೇಲೆ ಮೊಸರು. ಶನಿ ಕೊಳವೆಯ ಅಂಚಿಗೆ ಸರಿಯುತ್ತಲೇ ಇದ್ದ. ಮತ್ತೆ ಮತ್ತೆ ನಡುವಿಗೆ ತಂದೆ. ನಾನು ಮೂರನೆಯ ಬಾರಿ ಕರೆದಾಗ ಪಕ್ಕದ ಮನೆಯವನ ಹೆಂಡತಿ ಎದ್ದು ನನ್ನ ಹೆಂಡತಿಯ ಕೈಯಿಂದ ಸೌಟು ಕಸಿದುಕೊಂಡಳು.

"ಅಕ್ಕಾರ, ನಾವ ಬಡಿಸ್ಕೋತೇವಿ. ನೀವು ಹೋಗ್ರಿ, ಮಗ್ಗ ನಿಂತೈತಿ."

ಅವಳು ಬಂದಳು. ಕೈ ಒರೆಸಿಕೊಂಡು, ದೇವರ ಮುಂದೆ ನಿಲ್ಲುವಂತೆ ತಲೆಯ ಮೇಲೆ ಸೆರಗು ಹೊದ್ದು ಬಗ್ಗಿದಳು. ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಕೊಳವೆಗಿಟ್ಟಳು.

"ಅಯ್ಯ, ಇಷ್ಟ ಸಣ್ಣಾಂವ ಅದಾನೇನ್ರಿ. ಜ್ವಾಳದ ಕಾಳಿನಷ್ಟ." ಮತ್ತೆ ನೋಡಿದಳು. "ಚಂದ ಅದಾನ, ಪಾಪ. ಇವಗ ನಾ ಹೆದರಿ ಕುಂತಿದ್ನೆ?"

ನಾನು ಉಂಗುರದ ವಿವರಣೆ ಶುರು ಮಾಡಿದೆ. ಅವಳು ಕೈಯೆತ್ತಿ ತಡೆದಳು. ನಮ್ಮಲ್ಲಿ ಮನೆಯಿಂದ ಯಾರೇ ಹೊರಟರೂ 'ಹೋಗಿ ಬರ್ರಿ' ಎನ್ನುವುದು ರೂಢಿ. ಅವಳೂ "ಹೋಗಿ..." ಎಂದು ಬಾಯಿ ತೆರೆದು, ಅಲ್ಲಿಗೇ ನಿಲ್ಲಿಸಿ, ಸ್ವಲ್ಪ ಯೋಚಿಸಿದಳು. ಆಮೇಲೆ ಕೈಮುಗಿದು, "ಸಾವಕಾಶ ಹೋಗ್ರಿ," ಎಂದಳು.

ಮಗ್ಗಗಳು ನಲವತ್ತು ನಿಮಿಷ ನಿಂತಿದ್ದವು. ಮುಂದಿನ ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ನನ್ನ ಹೆಂಡತಿ ಎರಡು ತಟ್ಟೆ ಉಪ್ಪಿಟ್ಟು ತಿಂದಳು.