ಅಂಟಿನ ಕೋಣೆಯಲ್ಲಿ ಹೂಂಗುಟ್ಟಿದ್ದು

ನೆಲದ ಕೆಲಸಕ್ಕೆ ಬಂದವನಿಗೆ ಮೊದಲು ಹೋಗುವುದು ಮೊಣಕಾಲು, ಆಮೇಲೆ ಮೂಗು. ನನಗೆ ಎರಡೂ ಹೋಗಿವೆ. ಹೆಂಡತಿ ಒಗ್ಗರಣೆ ಸೀದು ಹೋಯಿತೆಂದು ಕೂಗಾಡಿದರೆ ನನಗೆ ಹೊಗೆ ಕಾಣುತ್ತದೆ, ವಾಸನೆ ಬರುವುದಿಲ್ಲ. ಮುಂಬೈಯ ಆಫೀಸು, ದವಾಖಾನೆ, ಅಂಗಡಿಗಳ ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸುತ್ತಲೇ ನನ್ನ ಆಯುಷ್ಯದ ಮುಕ್ಕಾಲು ಪಾಲು ಕಳೆಯಿತು. ನಾನು ಹಾಸಿದ ನೆಲದ ಮೇಲೆ ಎಷ್ಟೋ ಜನ ನಡೆದಿದ್ದಾರೆ, ಒಬ್ಬನೂ ಬಗ್ಗಿ ನೋಡಿಲ್ಲ. ಯಾರಾದರೂ ಬಗ್ಗಿ ನೋಡಿದರೆ ಎಲ್ಲೋ ಕೆಟ್ಟಿದೆ ಎಂದೇ ತಿಳಿಯಬೇಕು. ಅದಕ್ಕೆ ನನಗೆ ಬೇಜಾರಿಲ್ಲ ಅಂದರೆ ಸುಳ್ಳಾಗುತ್ತದೆ.

ಈಗ ಹಾಲಿನಂಥ ಬಿಳಿ ಅಂಟು ಬಂದಿದೆ, ಅದು ಯಾರಿಗೂ ಏನೂ ಮಾಡುವುದಿಲ್ಲ. ಆಗ ಇದ್ದದ್ದು ಹಳದಿ ರಬ್ಬರ್ ಅಂಟು. ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಕಣ್ಣಲ್ಲಿ ನೀರು. ಅದನ್ನು ಸಾಲು ಸಾಲಾಗಿ ನೆಲಕ್ಕೆ ಬಳಿದು, ಆರುವವರೆಗೆ ಕಾದು, ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಬೇಕು. ಅಂಟು ಬೆರಳನ್ನು ಎಳೆಯಬೇಕು, ಆದರೆ ಬೆರಳಿಗೆ ಮೆತ್ತಬಾರದು. ಅಲ್ಲಿಯವರೆಗೆ ಫ್ಯಾನ್ ಹಾಕುವಂತಿಲ್ಲ, ಬಾಗಿಲು ತೆರೆಯುವಂತಿಲ್ಲ. ಹಸಿ ಅಂಟಿನ ಮೇಲೆ ಒಂದು ಕಣ ಧೂಳು ಬಿದ್ದರೂ ಆಮೇಲೆ ಹಾಳೆಯ ಮೇಲೆ ಮೊಡವೆಯ ಹಾಗೆ ಏಳುತ್ತದೆ. ಹೊರಗಿನವರು ಇದನ್ನು ಹುಚ್ಚು ಅನ್ನುತ್ತಿದ್ದರು. ಹುಚ್ಚೇ, ಇಲ್ಲ ಅನ್ನುವುದಿಲ್ಲ. ಆದರೆ ಮೊಡವೆ ಎದ್ದ ನೆಲಕ್ಕೆ ಎಲ್ಲರೆದುರು ಬೈಸಿಕೊಂಡವರು ನಾವು.

ನಮಗೆ ಕೆಲಸ ಕಲಿಸಿದ ಉಸ್ತಾದ್ ಕಲಬುರಗಿ ಕಡೆಯ ಮುದುಕ. ಮೊದಲ ದಿನವೇ ನನ್ನನ್ನೂ ನನ್ನ ತಮ್ಮನನ್ನೂ ಕೂರಿಸಿಕೊಂಡು ಒಂದು ಪದ್ಧತಿ ಹೇಳಿಕೊಟ್ಟ.

"ಅಂಟಿನ ಖೋಲ್ಯಾಗ ಸುಮ್ಮ ಕುಂದರಬ್ಯಾಡ್ರಿ. ಒಬ್ಬಾವ ಕಥಿ ಹೇಳ್ರಿ, ಇನ್ನೊಬ್ಬಾವ ಹೂಂ ಅನ್ರಿ. ಹೂಂ ನಿಂತಿತಂದ್ರ ಕೆಲಸ ಅಲ್ಲೇ ಬಿಟ್ಟು ಇಬ್ಬರೂ ಹೊರಗ ಬರ್ರಿ."

ಆ ಅಂಟಿನ ಹಬೆ ಮೊದಲು ಮನುಷ್ಯನಿಗೆ ಖುಷಿ ಕೊಡುತ್ತದೆ. ತಲೆ ಹಗುರಾಗುತ್ತದೆ, ಮೈಕೈ ನೋವು ಮಾಯವಾಗುತ್ತದೆ, ಮಲಗಬೇಕು ಅನ್ನಿಸುತ್ತದೆ. ಮಲಗಿದವನು ಏಳುವುದಿಲ್ಲ. ಕೈ ಆಡುತ್ತಿದ್ದರೂ ತಲೆ ಎಲ್ಲೋ ಹೋಗಿರುತ್ತದೆ, ಹೂಂ ಅನ್ನಲು ಮಾತ್ರ ತಲೆ ಇರಲೇಬೇಕು ಎಂದು ಮುದುಕನ ಲೆಕ್ಕ. ಅಜ್ಜಿಯ ಮುಂದೆ ಕೂತು ಹೂಂಗುಟ್ಟಿದ ಹಾಗೆ ದೊಡ್ಡ ಗಂಡಸರು ಹೂಂಗುಟ್ಟುವುದೇ ಎಂದು ನಾವಿಬ್ಬರೂ ನಕ್ಕಿದ್ದೆವು. ಆದರೂ ಬಿಡಲಿಲ್ಲ. ಬೈಕುಲ್ಲಾದ ದವಾಖಾನೆಯಿಂದ ಕಾಂದಿವಲಿಯ ಗೋಡೌನಿನವರೆಗೆ ನಮ್ಮ ಎಲ್ಲ ನೆಲಗಳೂ ಹೂಂ ಹೂಂ ಅನ್ನುತ್ತಲೇ ಮುಗಿದವು.

ಕಥೆ ಹೇಳುವವನು ಯಾವಾಗಲೂ ನಾನೇ. ತಮ್ಮ ನನಗಿಂತ ಎರಡು ವರ್ಷ ಚಿಕ್ಕವನು, ನನ್ನ ಕಥೆಗಳೆಲ್ಲ ಅವನಿಗೆ ಬಾಯಿಪಾಠ. "ನಿನ್ನ ಕಥಿ ಕೇಳಿ ಕೇಳಿ ಮೊಣಕಾಲಿನಂಗ ಕಿವೀಗೂ ದಡ್ಡು ಬಿದ್ದೈತಿ" ಎಂದು ಚೇಷ್ಟೆ ಮಾಡುತ್ತಿದ್ದ.

ಆ ಭಾನುವಾರ ಫೋರ್ಟ್‌ನ ಒಂದು ಹಳೆಯ ಬಿಲ್ಡಿಂಗಿನ ನೆಲಮಾಳಿಗೆಯಲ್ಲಿ ಕೆಲಸ. ಸೋಮವಾರ ಬೆಳಿಗ್ಗೆ ಮೇಜು ಕುರ್ಚಿ ಬರುವುದಿತ್ತು. ಕಿಟಕಿ ಇಲ್ಲ, ಒಂದೇ ಬಾಗಿಲು, ಗೋಡೆಯ ಮೇಲ್ಗಡೆ ಗಾಳಿಗೆಂದು ಒಂದು ಕಿಂಡಿ. ಆ ಕಿಂಡಿಯಿಂದ ರಸ್ತೆಯ ಧೂಳು ಉದುರುತ್ತಿತ್ತು. ನಾನೇ ಏಣಿ ಹತ್ತಿ ಅದಕ್ಕೆ ಟೇಪು ಅಂಟಿಸಿದೆ. ತಮ್ಮ ಕೆಳಗಿನಿಂದ "ಬ್ಯಾಡ ಬಿಡಣ್ಣ, ಒಂದೀಟು ಗಾಳಿ ಆಡ್ಲಿ" ಅಂದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ನೆಲ, ನನ್ನ ಹೆಸರು ಅನ್ನುವ ಹಮ್ಮು.

ಒಳಗಡೆ ದೊಡ್ಡ ದೊಡ್ಡ ಕಂಬಗಳು. ಅವನು ಒಂದು ಗೋಡೆಯಿಂದ, ನಾನು ಎದುರಿನ ಗೋಡೆಯಿಂದ ಬಳಿಯುತ್ತ ಹಿಂದಕ್ಕೆ ಸರಿದು ನಡುವೆ ಸೇರಬೇಕು. ಹಾಗಾಗಿ ಒಬ್ಬರಿಗೊಬ್ಬರು ಬೆನ್ನು. ನಾನು ಕಥೆ ಶುರುಮಾಡಿದೆ. "ಒಂದೂರಾಗ ಇಬ್ಬರು ಅಣ್ಣತಮ್ಮ ಇದ್ರು. ಒಂದಿನ ಮಧ್ಯಾಹ್ನ ತ್ವಾಟದ ಬಾವಿಗೆ ಹೋದ್ರು..."

"ಹೂಂ."

ಇದು ನಡೆದ ಕಥೆ. ನನ್ನ ತಮ್ಮ ಆರು ವರ್ಷದವನಿದ್ದಾಗ ಬಾವಿಯ ಮೆಟ್ಟಿಲಿನಿಂದ ಜಾರಿ ಬಿದ್ದಿದ್ದ. ನಾನು ಇಳಿದು ಅವನ ಅಂಗಿ ಹಿಡಿದು ಎಳೆದಿದ್ದೆ. ಎಷ್ಟೋ ಸಲ ಹೇಳಿದ ಕಥೆ, ಆದರೆ ಆವತ್ತು ಅದು ಮುಗಿಯಲೇ ಇಲ್ಲ. ನಾನು ಮೆಟ್ಟಿಲು ಇಳಿಯುತ್ತಲೇ ಇದ್ದೆ. ಹಿಂದೆ ಎಂದೂ ಹೇಳದ ಮೆಟ್ಟಿಲುಗಳು ಒಂದರ ಕೆಳಗೆ ಒಂದು ಬಂದವು. ನೀರು ಬೆಚ್ಚಗಿತ್ತು ಅಂದೆ. ಹೂಂ. ನೀರಿನ ತಳದಲ್ಲಿ ಯಾರೋ ದೀಪ ಹಚ್ಚಿಟ್ಟಿದ್ದರು ಅಂದೆ. ಹೂಂ. ನಾನು ಉಸಿರಿಗೆ ನಿಲ್ಲಿಸಿದಲ್ಲೆಲ್ಲ ಸರಿಯಾಗಿ ಬೆನ್ನ ಹಿಂದಿನಿಂದ ಹೂಂ ಬರುತ್ತಿತ್ತು. ಆಕಳಿಕೆ ಇಲ್ಲ, ಚೇಷ್ಟೆ ಇಲ್ಲ. ಇವನು ಇವತ್ತಾದರೂ ಮನಸ್ಸಿಟ್ಟು ಕೇಳುತ್ತಿದ್ದಾನಲ್ಲ ಎಂದು ನನಗೆ ಬಹಳ ಸಂತೋಷವಾಯಿತು. ಅಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆಗ ಹಿಂದಿನಿಂದ ಮೆತ್ತಗೆ ಒಂದು ಪ್ರಶ್ನೆ ಬಂತು.

"ಆ ಸಣ್ಣ ಹುಡುಗ ಬದುಕಿದನೇನ್ರೀ?"

ನನ್ನ ಕೈ ನಿಂತಿತು. ಆ ಸಣ್ಣ ಹುಡುಗ ನನ್ನ ತಮ್ಮನೇ. ಬದುಕಿದೆನೋ ಇಲ್ಲವೋ ಎಂದು ಅವನೇ ಯಾಕೆ ಕೇಳುತ್ತಾನೆ? ತಿರುಗಿ ನೋಡಿದೆ.

ತಮ್ಮ ಎದುರು ಗೋಡೆಯ ಹತ್ತಿರ ಹಸಿ ಅಂಟಿನಲ್ಲಿ ಕೆನ್ನೆಯಿಟ್ಟು ಮಲಗಿದ್ದ. ಅಂಟು ಬಳಿಯುವ ಕರಣಿ ಇನ್ನೂ ಕೈಯಲ್ಲಿತ್ತು. ಅವನು ಬಳಿದದ್ದು ಮೂರೇ ಸಾಲು. ನನ್ನ ಕಡೆ ಒಂಬತ್ತು ಸಾಲು ಮುಗಿದಿದ್ದವು. ಅಂದರೆ ಆರು ಸಾಲಿನಷ್ಟು ಹೊತ್ತು ನಾನು ಯಾರಿಗೆ ಕಥೆ ಹೇಳುತ್ತಿದ್ದೆ?

ಅವನ ಹೆಸರು ಹಿಡಿದು ಕೂಗಿದೆ. ಬಲಗಡೆಯ ಕಂಬದ ಮರೆಯಿಂದ "ಹೂಂ" ಎಂದು ಬಂತು. ನಾನು ಆ ಕಡೆ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ, ಅಷ್ಟೇ.

ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ತೆವಳಿಕೊಂಡೇ ಅವನ ಹತ್ತಿರ ಹೋದೆ. ಅವನ ಕೆನ್ನೆಯನ್ನು ನೆಲದಿಂದ ಬಿಡಿಸುವಾಗ ಚರ್ಮ ಅಲ್ಲೇ ಉಳಿಯಿತು. ಅವನು ನರಳಲಿಲ್ಲ. ಸತ್ತೇ ಹೋಗಿದ್ದಾನೆ, ಅವ್ವನಿಗೆ ಏನು ಹೇಳಲಿ ಎಂದು ಅಳುತ್ತ ಬಗಲಿಗೆ ಕೈಹಾಕಿ ಎಳೆದೆ. ಬಾಗಿಲು ತೆರೆದದ್ದು ನೆನಪಿದೆ. ಮೆಟ್ಟಿಲ ಮೇಲೆ ವಾಚ್‌ಮನ್ ಓಡಿ ಬಂದು "ಅರೆ, ಕ್ಯಾ ಹುವಾ" ಅಂದದ್ದು ನೆನಪಿದೆ. ಹೊರಗೆ ರಣಬಿಸಿಲು. ವಾಚ್‌ಮನ್ ಮುಖಕ್ಕೆ ನೀರು ಹೊಡೆಯುತ್ತಲೇ ಇದ್ದ. ಬಹಳ ಹೊತ್ತಿನ ಮೇಲೆ ತಮ್ಮ ಒಮ್ಮೆ ಕೆಮ್ಮಿದ. ನಾನು ಫುಟ್‌ಪಾತ್ ಮೇಲೆ ಕೂತು ದೊಡ್ಡ ದನಿಯಲ್ಲಿ ಅತ್ತೆ, ಜನ ನಿಂತು ನೋಡಿದರು.

ಅವನು ಬದುಕಿದ. ಎಡಗೆನ್ನೆಯ ಒಂದು ಕಡೆ ಗಡ್ಡ ಬರುವುದಿಲ್ಲ, ಬೇರೇನೂ ಆಗಲಿಲ್ಲ. ಮೂರನೆಯ ದಿನ ದವಾಖಾನೆಯಲ್ಲಿ ಅವನ ಮಂಚದ ಪಕ್ಕ ಕೂತು ನಾನು ಆ ದನಿಯ ಸಂಗತಿ ಹೇಳಿದೆ. ಅಂಟು ತಲೆಗೇರಿತ್ತು ನಿನಗೆ ಎಂದು ನಗುತ್ತಾನೆ ಅಂದುಕೊಂಡಿದ್ದೆ. ಡಾಕ್ಟರೂ ಅದನ್ನೇ ಹೇಳಿದ್ದರು, ನಾನೂ ಅದನ್ನೇ ನಂಬಿದ್ದೆ. ಅವನು ನಗಲಿಲ್ಲ.

"ಅಣ್ಣಾ, ಮೂರನೇ ಸಾಲಿಗೆ ನನಗ ಉಸಿರು ಹಿಡದಂಗಾತು. ಏಳಾಕ ಆಗಲಿಲ್ಲ. ನಿನ್ನ ಕೂಗಿದ್ನಿ. ಎರಡು ಸಲ ಕೂಗಿದ್ನಿ" ಅಂದ.

"ನನಗ ಕೇಳಲೇ ಇಲ್ಲಲ್ಲೋ."

"ಕೇಳಿತು. ಹೊಳ್ಳಿ ನೋಡಿದಿ. ನನ್ನ ನೋಡಿ ನಕ್ಕಿ. ತಡಿ, ಕಥಿ ಮುಗೀಲಿ ಅಂದಿ. ಮತ್ತ ಆ ಕಡೆ ಮುಖ ಮಾಡಿದಿ."

ನನಗೆ ಅದು ನೆನಪಿಲ್ಲ. ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುವುದಿಲ್ಲ. ಆದರೆ ನನ್ನ ತಮ್ಮ ಸುಳ್ಳು ಹೇಳುವವನಲ್ಲ.

ಅವನು ಈ ಧಂಧೆ ಬಿಟ್ಟು ಕಾಂದಿವಲಿಯಲ್ಲಿ ಹಾರ್ಡ್‌ವೇರ್ ಅಂಗಡಿಯೊಂದಕ್ಕೆ ಸೇರಿ ವರ್ಷಗಳಾದವು. ನಾನು ತಿರುಗಿ ನೋಡಿ ನಕ್ಕ ಆ ಮಾತನ್ನು ಅವನು ಅವ್ವನಿಗೂ ನನ್ನ ಹೆಂಡತಿಗೂ ಇವತ್ತಿನವರೆಗೂ ಹೇಳಿಲ್ಲ. ಹಬ್ಬಕ್ಕೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬರುತ್ತಾನೆ, ಹೊಟ್ಟೆ ತುಂಬ ಊಟ ಮಾಡುತ್ತಾನೆ, ಎಲ್ಲರನ್ನೂ ನಗಿಸುತ್ತಾನೆ. ಉಳಿದವರು ಎದ್ದು ಅಡಿಗೆಮನೆಗೆ ಹೋಗಿ ಕೋಣೆಯಲ್ಲಿ ನಾವಿಬ್ಬರೇ ಉಳಿದರೆ, ಅವನೂ ಎದ್ದು ಅವರ ಹಿಂದೆ ಹೋಗುತ್ತಾನೆ.