ಟೈಲರ್ ಅಳೆಯದ ಸೊಂಟ

ಮಾರುಕಟ್ಟೆಯ ಮೆಟ್ಟಿಲ ಕೆಳಗೆ ಇಪ್ಪತ್ತೆಂಟು ವರ್ಷದಿಂದ ಹೊಲಿಯುತ್ತ ಕೂತ ಟೈಲರ್‌ಗೆ ಊರಿನವರ ಸೊಂಟದ ಅಳತೆಯೆಲ್ಲ ಬಾಯಿಪಾಠ. ತನ್ನದೊಂದೇ ಗೊತ್ತಿರಲಿಲ್ಲ. ಪ್ಯಾಂಟು ಬಿಗಿಯಾದಾಗಲೆಲ್ಲ ಒಳಗೆ ಮಡಚಿಟ್ಟ ಬಟ್ಟೆ ಬಿಚ್ಚಿ ಎರಡು ಬೆರಳು ಸಡಿಲ ಮಾಡಿಕೊಳ್ಳುತ್ತಿದ್ದ, ಟೇಪು ಹಿಡಿಯುತ್ತಿರಲಿಲ್ಲ. ಮೆಷಿನ್‌ಗೆ ಮೋಟರ್ ಬಂದ ಮೇಲೆ ಕಾಲಿಗೂ ಕೆಲಸ ತಪ್ಪಿತ್ತು. ಗಿರಾಕಿ ಬಂದಾಗಲೆಲ್ಲ ಸಕ್ಕರೆ ಸುರಿದ ಚಹಾ ಬೇರೆ. ಎರಡು ವರ್ಷದಿಂದ ಬೆಳಿಗ್ಗೆ ಏಳುವಾಗಲೇ ಸುಸ್ತು. ವಯಸ್ಸಾಯಿತು ಅಂದುಕೊಂಡ. ವಯಸ್ಸಿಗೆ ಬಾಯಿಲ್ಲ, ಏನು ಹೊರಿಸಿದರೂ ಹೊತ್ತುಕೊಳ್ಳುತ್ತದೆ.

ಆಸ್ಪತ್ರೆಯವರು ಲಿವರ್ ತಪಾಸಣೆಯ ಶಿಬಿರ ಇಟ್ಟಾಗ ಬೊಜ್ಜು ತಿಳಿಯಲೆಂದು ಜನರ ಸೊಂಟ ಅಳೆಯಲು ಇವನನ್ನೇ ಕರೆದರು. ನೂರು ಜನರನ್ನು ಅಳೆದ. ಕೊನೆಗೆ ನರ್ಸಮ್ಮ ಟೇಪು ಕಸಿದುಕೊಂಡು ಇವನನ್ನೂ ಅಳೆದು ಸ್ಕ್ಯಾನಿಗೆ ಕಳಿಸಿದರು. ಲಿವರ್‌ನಲ್ಲಿ ಕೊಬ್ಬು ತುಂಬಿದೆ ಅಂದರು ಡಾಕ್ಟರು.

ಟೈಲರ್‌ಗೆ ಸಿಟ್ಟು ನೆತ್ತಿಗೇರಿತು. ತಾನು ಒಂದು ಹನಿ ಮುಟ್ಟಿದವನಲ್ಲ, ಕದ್ದು ಕುಡಿದು ಲಿವರ್ ಹಾಳಾಗಿ ಸತ್ತವನು ತನ್ನ ಅಣ್ಣ ಅಂದ. ಕುಡಿಯದವರಿಗೂ ಇದು ಬರುತ್ತದೆ, ಕೂತು ಮಾಡುವ ಕೆಲಸ, ಸಿಹಿ, ಬೊಜ್ಜು ಸಾಕು ಎಂದರು ಡಾಕ್ಟರು. ನೋವಿಲ್ಲದೆ ವರ್ಷಗಟ್ಟಲೆ ಬೆಳೆದು ಕೊನೆಗೆ ಲಿವರನ್ನೇ ಹಾಳುಮಾಡಬಹುದಂತೆ. ಇವನದು ಇನ್ನೂ ಮೊದಲ ಹಂತ, ದಿನಾ ನಡೆದು ತೂಕ ಇಳಿಸಿದರೆ ಸರಿಹೋಗಬಹುದಂತೆ. ಆಮೇಲೆ ಕೇಳಿದರು, "ನಿಮ್ಮಣ್ಣ ಕುಡಿದದ್ದನ್ನ ನೀವು ಕಣ್ಣಾರೆ ನೋಡಿದ್ರಾ?"

ನೋಡಿರಲಿಲ್ಲ. ಅಣ್ಣನ ಹೊಟ್ಟೆ ಉಬ್ಬಿ ಕಣ್ಣು ಹಳದಿಯಾದಾಗ ಊರೆಲ್ಲ ಆಡಿಕೊಂಡಿತು, ಇವನೂ ನಂಬಿದ. ಅಣ್ಣ ಆಣೆ ಇಟ್ಟು ಹೇಳಿದರೂ ಸುಳ್ಳುಗಾರ ಎಂದು ಜರೆದ. ಕೊನೆಯ ಮೂರು ತಿಂಗಳು ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಅತ್ತಿಗೆಯೊಂದಿಗೆ ಮಾತು ಬಿಟ್ಟು ಐದು ವರ್ಷವಾಗಿತ್ತು.

ಆ ಸಂಜೆ ಕಾಲೆಳೆದುಕೊಂಡು ಅವರ ಮನೆಗೆ ಹೋದ. ಅತ್ತಿಗೆ ಒಗೆದ ಬಟ್ಟೆ ಮಡಚುತ್ತ ಕೂತಿದ್ದರು. ಇವನು ರಿಪೋರ್ಟು ಮುಂದಿಟ್ಟು ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದ. ಮುಖ್ಯವಾದ ಮಾತನ್ನು ಕೊನೆಗೆ ಉಳಿಸಿಕೊಂಡಿದ್ದ.

"ಅತ್ತಿಗೆ, ಅಣ್ಣ ಸುಳ್ಳು ಹೇಳಿರ್ಲಿಲ್ಲ ಅನ್ಸುತ್ತೆ."

ಅವರು ಕೈ ನಿಲ್ಲಿಸಲಿಲ್ಲ. "ನಂಗೊತ್ತಿತ್ತು. ಬಾಗಿಲು ಸದ್ದಾದ್ರೆ ಸಾಕು, ತಮ್ಮ ಬಂದ್ನಾ ನೋಡು ಅನ್ನೋರು. ಕೊನೇ ದಿನದವರೆಗೂ."

ಟೈಲರ್ ಮುಖ ಮುಚ್ಚಿಕೊಂಡು ಅತ್ತ. ಅತ್ತಿಗೆ ಸಮಾಧಾನ ಮಾಡಲಿಲ್ಲ, ಅವರಲ್ಲೂ ಅಷ್ಟು ತ್ರಾಣ ಉಳಿದಿರಲಿಲ್ಲ. ಕೈಯಲ್ಲಿದ್ದ ಬಟ್ಟೆ ಮಡಚಿಟ್ಟು ರಿಪೋರ್ಟನ್ನು ಅವನ ಕೈಗೆ ವಾಪಸು ಕೊಟ್ಟರು.

"ಇದ್ದಾಗ ಅವರ ಮಾತು ನಂಬ್ಲಿಲ್ಲ. ಈಗ ಡಾಕ್ಟ್ರ ಮಾತನ್ನಾದ್ರೂ ನಂಬು."